ಕಿರುಬೆರಳ ಉಗುರಿಗಿಂತ ಚಿಕ್ಕ ಸೆನ್ಸರ್

ನಾನು ಮೊದಲು ಕೊಂಡ ಕ್ಯಾಮೆರಾ ಅಂಗಿ ಜೇಬಿನಲ್ಲಿ ಹಿಡಿಸುತ್ತಿತ್ತು. ಡಬ್ಬದ ಮೇಲೆ 16 ಮೆಗಾಪಿಕ್ಸೆಲ್ ಎಂದು ದೊಡ್ಡದಾಗಿ ಬರೆದಿತ್ತು. ಹಗಲಿನ ಫೋಟೊಗಳು ಚೆನ್ನಾಗಿಯೇ ಬಂದವು. ಕಾರ್ತಿಕ ದೀಪೋತ್ಸವದ ರಾತ್ರಿ ತೆಗೆದದ್ದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅಜ್ಜಿಯ ಕೆನ್ನೆ ತುಂಬ ಬಣ್ಣದ ರವೆ ಚೆಲ್ಲಿದ ಹಾಗೆ ಚುಕ್ಕೆಗಳು.

ಕಾರಣ ಅದೇ ಡಬ್ಬದಲ್ಲಿ ಸಣ್ಣ ಅಕ್ಷರದಲ್ಲಿತ್ತು: ಸೆನ್ಸರ್ 1/2.3 ಇಂಚು. ಸೆನ್ಸರ್ ಅಂದರೆ ಲೆನ್ಸಿನಿಂದ ಬಂದ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್. ಆ ಇಂಚಿನ ಲೆಕ್ಕ ಹೆಸರಿಗೆ ಮಾತ್ರ. ನಿಜವಾದ ಅಗಲ ಸುಮಾರು 6.2 ಮಿ.ಮೀ., ಎತ್ತರ 4.6 ಮಿ.ಮೀ. ಕಿರುಬೆರಳ ಉಗುರಿಗಿಂತ ಚಿಕ್ಕದು! ಅಷ್ಟರಲ್ಲೇ ಬೆಳಕು ಅಳೆಯುವ 1.6 ಕೋಟಿ ಪಿಕ್ಸೆಲ್ (ಅದೇ 16 ಮೆಗಾಪಿಕ್ಸೆಲ್) ತುರುಕಿದರೆ ಒಂದೊಂದರ ಅಗಲ ಸುಮಾರು 1.3 ಮೈಕ್ರಾನ್. ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು. ದೀಪದ ಮಂದ ಬೆಳಕಿನಲ್ಲಿ ಇಷ್ಟು ಪುಟ್ಟ ಜಾಗಕ್ಕೆ ಬೀಳುವ ಬೆಳಕಿನ ಕಣಗಳೇ ಕಡಿಮೆ. ಪಕ್ಕದ ಪಿಕ್ಸೆಲ್‌ಗೆ ನಾಲ್ಕು ಹೆಚ್ಚು ಬಿದ್ದರೂ ವ್ಯತ್ಯಾಸ ಎದ್ದು ಕಾಣುತ್ತದೆ. ಆ ಚುಕ್ಕೆಗಳು ಹುಟ್ಟುವುದು ಹೀಗೆ.

ಹೊಸದಾಗಿ ಕಲಿಯುವವರು ಕೊಳ್ಳುವ ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಆದ ಕ್ಯಾನನ್ 1500ಡಿಯ ಸೆನ್ಸರ್ ವಿಸ್ತೀರ್ಣದಲ್ಲಿ ಇದರ ಹನ್ನೆರಡು ಪಟ್ಟು. ಎಲ್ಲದಕ್ಕೂ ಅದನ್ನೇ ಹಾಕಬಹುದಲ್ವಾ? ಶಂಕರಪೋಳೆ ಮಾಡುವುದನ್ನು ನೆನೆಸಿಕೊಳ್ಳಿ. ಲಟ್ಟಿಸಿದ ಹಿಟ್ಟಿನಲ್ಲಿ ಅಲ್ಲಲ್ಲಿ ಹತ್ತು ಕಡೆ ಕಸ ಸಿಕ್ಕಿಕೊಂಡಿದೆ ಅನ್ನಿ. ಚಿಕ್ಕಚಿಕ್ಕದಾಗಿ ಕತ್ತರಿಸಿದರೆ ನೂರಾರು ಬಿಲ್ಲೆಗಳಲ್ಲಿ ಹತ್ತು ಹಾಳು. ಅಂಗೈ ಅಗಲ ಕತ್ತರಿಸಿದರೆ ಮುಕ್ಕಾಲುಪಾಲು ಹಾಳು. ದೊಡ್ಡ ಸಿಲಿಕಾನ್ ತಟ್ಟೆಯಿಂದ ಸೆನ್ಸರ್ ಕತ್ತರಿಸುವಾಗಲೂ ಇದೇ ಲೆಕ್ಕ. ಜೊತೆಗೆ ದೊಡ್ಡ ಸೆನ್ಸರ್ ತುಂಬುವಷ್ಟು ಚಿತ್ರ ಬೀಳಿಸಲು ಲೆನ್ಸೂ ದೊಡ್ಡದಾಗಬೇಕು. ಗಾಜು ಹೆಚ್ಚು, ತೂಕ ಹೆಚ್ಚು, ದುಡ್ಡೂ ಜಾಸ್ತಿ.

ಆದರೆ ಚಿಕ್ಕ ಸೆನ್ಸರನ್ನು ಸುಮ್ನೆ ಬೈಯಬಾರದು. 2018ರಲ್ಲಿ ಬಂದ ನಿಕಾನ್ ಪಿ1000ರಲ್ಲಿ ಇರುವುದೂ 1/2.3 ಇಂಚಿನದೇ. ಅದರ 539 ಮಿ.ಮೀ. ಲೆನ್ಸ್, 35 ಮಿ.ಮೀ. ಫಿಲ್ಮ್ ಕ್ಯಾಮೆರಾದ 3000 ಮಿ.ಮೀ. ಲೆನ್ಸ್‌ನಷ್ಟು ಹತ್ತಿರ ತೋರಿಸುತ್ತದೆ. ಚಂದ್ರನ ಕುಳಿಗಳು ಪರದೆ ತುಂಬುತ್ತವೆ. ಅದು ಸಾಧ್ಯವಾದದ್ದು ಸೆನ್ಸರ್ ಪುಟ್ಟದಿರುವುದರಿಂದಲೇ. ಹಾಗಿದ್ದೂ ಕ್ಯಾಮೆರಾ 1.4 ಕಿಲೋ ತೂಗುತ್ತದೆ.

2012ರ ಸೋನಿ ಆರ್‌ಎಕ್ಸ್100 ಬೇರೆ ದಾರಿ ಹಿಡಿಯಿತು. ನನ್ನ ಹಳೆಯ ಕ್ಯಾಮೆರಾದ್ದರ ನಾಲ್ಕು ಪಟ್ಟು ದೊಡ್ಡ ಸೆನ್ಸರನ್ನು 240 ಗ್ರಾಮಿನ ಡಬ್ಬಿಯಲ್ಲಿ ಕೂರಿಸಿದರು. ಅದಕ್ಕಾಗಿ ಬಿಟ್ಟುಕೊಟ್ಟದ್ದು ಜೂಮ್: ಬರೀ 3.6 ಪಟ್ಟು. 2012ರಲ್ಲಿ ಬಂದಾಗ ಬೆಲೆ ಅಮೆರಿಕದಲ್ಲಿ 650 ಡಾಲರ್ ಇತ್ತು. ದುಬಾರಿಯೇ. ಆದರೆ ಚಂದ್ರನ ಕುಳಿಗಿಂತ ದೀಪದ ಬೆಳಕಿನ ಅಜ್ಜಿಯ ಮುಖವೇ ನನಗೆ ಬೇಕಾದದ್ದು. ಎರಡು ವರ್ಷ ದುಡ್ಡು ಕೂಡಿಟ್ಟು ಅದನ್ನೇ ತಗೊಂಡೆ.