1961ಕ್ಕೆ ನೂರು ಕೂಡಿಸಬೇಡಿ

ಪುಣೆಯಲ್ಲಿ ಮನೆ ಕೊಳ್ಳುವ ಕನ್ನಡಿಗರು ಕಾಗದಪತ್ರಗಳನ್ನು ವಕೀಲರಿಗೆ ಒಪ್ಪಿಸಿ, ಗೋಡೆ, ತೊಲೆ ನೋಡಿಕೊಡಿ ಎಂದು ನನ್ನನ್ನು ಕರೆಯುತ್ತಾರೆ. ಕಟ್ಟಡ ನದಿಯ ಬದಿಗಿದ್ದರೆ ಚಹಾ ಮುಗಿಯುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: ‘ನಕ್ಷೆಯಲ್ಲಿ ನೆರೆಯ ಕೆಂಪು ರೇಖೆಯ ಒಳಗಿದೆಯಂತೆ. ಅದು ನೂರು ವರ್ಷಕ್ಕೊಮ್ಮೆ ಬರುವ ನೆರೆಯಲ್ಲವೇ? 1961ರಲ್ಲಿ ಬಂದು ಹೋಯಿತು. ಇನ್ನು 2061ಕ್ಕೆ ತಾನೇ?’

ಈ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ.

1961ರ ಜುಲೈ 12ರಂದು ಒಡೆದದ್ದು, ಕಟ್ಟುವ ಕೆಲಸ ಇನ್ನೂ ಮುಗಿಯದಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು. ಅದರ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಒಡೆದು, ಮುಠಾ ನದಿ ಪೇಟೆಗಳಿಗೆ ನುಗ್ಗಿತು. ಮಳೆ ನೆರೆಯ ಲೆಕ್ಕಕ್ಕೆ ಅದನ್ನು ಸೇರಿಸುವುದೆಂದರೆ, ಲಾರಿ ಗುದ್ದಿ ಬಿದ್ದ ಗೋಡೆಯನ್ನು ಗೆದ್ದಲಿನ ಖಾತೆಗೆ ಬರೆದ ಹಾಗೆ.

ಇನ್ನು ರೇಖೆಗಳ ವಿಷಯ. ನೆರೆ ಬಂದರೆ ನೀರು ಎಲ್ಲಿಯವರೆಗೆ ಬರಬಹುದು ಎಂದು ನದಿಯ ನಕ್ಷೆಯಲ್ಲಿ ಎಳೆದ ಗೆರೆಗಳಿವು. ಸ್ಥೂಲವಾಗಿ ಹೇಳುವುದಾದರೆ ನೀಲಿ ರೇಖೆ 25 ವರ್ಷದ ನೆರೆಯದು, ಕೆಂಪು ರೇಖೆ 100 ವರ್ಷದ್ದು. ಈ ‘ವರ್ಷ’ ಎಂಬ ಮಾತೇ ಕೆಡಿಸಿದೆ. ಡಬ್ಬಿಯಲ್ಲಿ ನೂರು ಹುಣಸೆ ಬೀಜ ಹಾಕಿ, ಒಂದಕ್ಕೆ ಸುಣ್ಣ ಬಳಿಯಿರಿ. ಪ್ರತಿ ಮಳೆಗಾಲಕ್ಕೊಮ್ಮೆ ಕಣ್ಣು ಮುಚ್ಚಿ ಒಂದು ಬೀಜ ತೆಗೆಯಿರಿ. ಸುಣ್ಣದ್ದು ಬಂದರೆ ನೀರು ಕೆಂಪು ರೇಖೆಯನ್ನು ಮುಟ್ಟಿತು ಎಂದರ್ಥ. ಈಗ ಆ ಬೀಜವನ್ನು ಮತ್ತೆ ಡಬ್ಬಿಗೇ ಹಾಕಬೇಕು! ಎಲ್ಲರೂ ಎಡವುವುದು ಇಲ್ಲಿಯೇ. ತೆಗೆದ ಬೀಜವನ್ನು ಜೇಬಿಗಿಳಿಸಿ ನಿಶ್ಚಿಂತರಾಗುತ್ತಾರೆ. ಹೋದ ವರ್ಷ ಬಂದಿದ್ದರೂ ಈ ವರ್ಷ ಮತ್ತೆ ನೂರರಲ್ಲಿ ಒಂದೇ. 20 ವರ್ಷದ ಗೃಹಸಾಲ ತೀರುವುದರೊಳಗೆ ಕೆಂಪು ರೇಖೆಯ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 18. ನೀಲಿ ರೇಖೆಯದಾದರೆ (ಡಬ್ಬಿಯಲ್ಲಿ ನಾಲ್ಕು ಬೀಜಕ್ಕೆ ಸುಣ್ಣ) ಶೇ. 56, ಅಂದರೆ ಬಾರದಿರುವುದಕ್ಕಿಂತ ಬರುವುದೇ ಹೆಚ್ಚು. ಇದೂ ನದಿಯ ಪಾತ್ರ ನಕ್ಷೆಯಲ್ಲಿದ್ದಂತೆಯೇ ಇದ್ದರೆ ಮಾತ್ರ. ದಂಡೆಗೆ ರಾಡಿಮಣ್ಣು ಸುರಿದು ಪಾತ್ರವನ್ನು ಕಿರಿದು ಮಾಡಿದರೆ ಅಷ್ಟೇ ನೀರು ಇನ್ನೂ ಮೇಲೇರುತ್ತದೆ. ಹಾಗಾಗಿ ‘ಈ ಮನೆಗೆ ನೀರು ಬರುವುದಿಲ್ಲ’ ಎಂದು ನಾನು ಯಾರಿಗೂ ಬರೆದುಕೊಡುವುದಿಲ್ಲ. ರೇಖೆಯ ಹೊರಗಿದ್ದರೂ ಅಷ್ಟೇ. 2019ರ ಸೆಪ್ಟೆಂಬರ್ 25ರ ರಾತ್ರಿ ಜನರನ್ನು ಕೊಚ್ಚಿಕೊಂಡು ಹೋದದ್ದು ಮುಠಾ ಅಲ್ಲ, ಕಾತ್ರಜ ಕಡೆಯಿಂದ ಇಳಿಯುವ ಆಂಬಿಲ್ ಓಢಾ ಎಂಬ ಹಳ್ಳ. ಬೇಸಿಗೆಯಲ್ಲಿ ಅದನ್ನು ಗಟಾರವೆಂದೇ ತಿಳಿಯುತ್ತೀರಿ.

ವಿಜಯಪುರದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಸಿಂಹಗಡ ರಸ್ತೆಯ ಬಳಿ ನೆಲಮಹಡಿಯ ಮನೆ ನೋಡಿದ್ದರು. ಹೊಸ ಬಣ್ಣ, ಹೊಸ ಟೈಲ್ಸ್. ನಾನು ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯ ಹಿಂದೆ ಟಾರ್ಚ್ ಬಿಟ್ಟೆ. ಬಣ್ಣದ ಕುಂಚ ತಲುಪದ ಜಾಗದಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಒಣಗಿದ ಕೆಸರಿನ ಗೆರೆ. ಬೆರಳಾಡಿಸಿದರೆ ಪುಡಿಯಾಗಿ ಉದುರಿತು. ಗೇಟಿನ ಬಳಿ ಇಸ್ತ್ರಿ ಮಾಡುವವನನ್ನು ಕೇಳಿದೆ. 2024ರ ಜುಲೈ 25, ಖಡಕವಾಸಲಾದಿಂದ ನೀರು ಬಿಟ್ಟ ದಿನ ಎಂದ. ದಲ್ಲಾಳಿಗಿಂತ ಇಸ್ತ್ರಿಯವನನ್ನು ನಂಬಿ, ಅವನಿಗೆ ಕಮಿಷನ್ ಇಲ್ಲ.

‘ಕಾಕಾ, ನೋಡಿದಿರಾ?’ ಎಂದು ಅಧಿಕಾರಿಯನ್ನು ಕೇಳಿದೆ.

‘ಬಂದು ಹೋಯಿತಲ್ಲ ಸಾಹೇಬರೇ, ಇನ್ನು ನಮ್ಮ ಕಾಲಕ್ಕೆ ಬರುವುದಿಲ್ಲ ಬಿಡಿ’ ಎಂದರು. ಮತ್ತೆ ಹುಣಸೆ ಬೀಜ, ಮತ್ತೆ ಡಬ್ಬಿ. ಅರ್ಧ ಗಂಟೆ ಹೇಳಿದ ಮೇಲೆ ಅದೇ ಕಟ್ಟಡದ ಎರಡನೆಯ ಮಹಡಿಗೆ ಒಪ್ಪಿದರು. ಅಷ್ಟು ಹೊತ್ತು ಸುಮ್ಮನಿದ್ದ ಅವರ ಮನೆಯವರು ಆಗ ಕೇಳಿದರು: ‘ಮನೆ ಮೇಲಾಯಿತು, ಆದರೆ ನಮ್ಮ ಮೀಟರ್ ಇಲ್ಲೇ ಕೆಳಗಿದೆಯಲ್ಲ?’

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಈ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ಮೀಟರ್‌ಗಳನ್ನು ಮೇಲಕ್ಕೆ ಸ್ಥಳಾಂತರಿಸಬೇಕೆಂದು ಆ ತಾಯಿ ಕೊಟ್ಟ ಅರ್ಜಿಯನ್ನು ಸೊಸೈಟಿಯ ಸಭೆ ಈವರೆಗೆ ಎರಡು ಸಲ ಮುಂದೂಡಿದೆ. ಕಾರಿಡಾರಿನ ಅಂದ ಕೆಡುತ್ತದೆಯಂತೆ.