ಪೈಪೋಟಿಗೆ ನಿಂತವರೆಲ್ಲ ‘ರೈವಲ್’ ಅಲ್ಲ

ಕೋಲಾರದಲ್ಲಿ ನಾನು ಇಂಗ್ಲಿಷ್ ಕಲಿಸುವ ಪದವಿ ವಿದ್ಯಾರ್ಥಿಗಳ ಪುಸ್ತಕಗಳಲ್ಲಿ ‘ಕಾಂಪಿಟಿಟರ್’, ‘ರೈವಲ್’ ಎರಡರ ಮುಂದೆಯೂ ‘ಪ್ರತಿಸ್ಪರ್ಧಿ’ ಎಂದೇ ಇರುತ್ತದೆ. ತಪ್ಪೆನ್ನಲಾಗದು. ಆದರೆ ‘ಕೆಎಎಸ್ ಪರೀಕ್ಷೆಯಲ್ಲಿ ನನಗೆ ಸಾವಿರಾರು ರೈವಲ್‌ಗಳಿದ್ದಾರೆ’ ಎಂಬ ಅರ್ಥದ ವಾಕ್ಯ ಕಂಡರೆ ಕೆಂಪು ಪೆನ್ನು ಎತ್ತಲೇಬೇಕಾಗುತ್ತದೆ. ಅಷ್ಟು ಜನರ ಮೇಲೆ ಜಿದ್ದು ಸಾಧಿಸಲು ಯಾರಿಗೆ ಪುರುಸೊತ್ತಿದೆ?

ಕಾಂಪಿಟಿಟರ್ ಆಗಲು ಮುಖಪರಿಚಯ ಬೇಡ. ಒಂದೇ ಹುದ್ದೆಗೆ ಅರ್ಜಿ ಹಾಕಿದ್ದರೆ ಸಾಕು. ನಮ್ಮ ಎಪಿಎಂಸಿಯ ಟೊಮೆಟೊ ಹರಾಜಿನಲ್ಲಿ ಬಾಕ್ಸ್‌ಗಳ ಸುತ್ತ ನಿಂತು ಬೆಲೆ ಕೂಗುವವರೆಲ್ಲ ಕಾಂಪಿಟಿಟರ್‌ಗಳು. ಅವರಲ್ಲೊಬ್ಬ, 15 ಕಿಲೋ ಬಾಕ್ಸಿಗೆ ನಷ್ಟವಾದರೂ ಸರಿ, ಪಕ್ಕದ ಮಂಡಿಯವನಿಗೆ ಮಾತ್ರ ಬಿಟ್ಟುಕೊಡಬಾರದೆಂದು ಇನ್ನೂ ಹತ್ತು ರೂಪಾಯಿ ಏರಿಸುತ್ತಾನೆ ಎನ್ನೋಣ. ಆ ಪಕ್ಕದವನು ರೈವಲ್. ಅವರ ಲೆಕ್ಕ ಹಳೆಯದು, ಅಂದಿನ ಹರಾಜಿಗೆ ಮುಗಿಯುವುದಿಲ್ಲ.

ಹಾಗೆಂದು ರೈವಲ್ ಎಂದರೆ ಶತ್ರುವೂ ಅಲ್ಲ. ಟೆನಿಸ್ ಆಟಗಾರರಾದ ಫೆಡರರ್ ಮತ್ತು ನಡಾಲ್ 2004ರಿಂದ 2019ರವರೆಗೆ 40 ಬಾರಿ ಎದುರಾದರು. ನಡಾಲ್ 24 ಗೆದ್ದರು. 2022ರಲ್ಲಿ ಲಂಡನ್ನಿನಲ್ಲಿ ಫೆಡರರ್ ಕೊನೆಯ ಪಂದ್ಯ ಆಡಿದ್ದು ಅದೇ ನಡಾಲ್ ಜೊತೆಗೂಡಿ, ಡಬಲ್ಸ್‌ನಲ್ಲಿ. ಬೀಳ್ಕೊಡುವಾಗ ಇಬ್ಬರೂ ಅತ್ತರು. ಶತ್ರು ನಿವೃತ್ತನಾದರೆ ಯಾರೂ ಅಳುವುದಿಲ್ಲ.

ಈ ಪದದ ಹುಟ್ಟು ನಮ್ಮ ಸೀಮೆಯವರಿಗೆ ಬೇಗ ಹಿಡಿಸುತ್ತದೆ. ಲ್ಯಾಟಿನ್‌ನಲ್ಲಿ ‘ರಿವುಸ್’ ಎಂದರೆ ತೊರೆ, ಕಾಲುವೆ. ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವವರು ‘ರಿವಾಲೆಸ್’. ಇವರ ನಡುವಿನ ನೀರಿನ ತಕರಾರಿನ ಬಗ್ಗೆ ರೋಮನ್ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಬರೆದಿದ್ದಾನೆ. ಕೆರೆಗಳನ್ನೇ ನಂಬಿದ ಜಿಲ್ಲೆಯ ಮಕ್ಕಳಿಗೆ ಇದರ ಮೇಲೆ ವಿವರಣೆ ಬೇಕಿಲ್ಲ. ತೂಬು ಎತ್ತಿದಾಗ ಮೊದಲ ನೀರು ಯಾರ ಗದ್ದೆಗೆ ಎಂಬ ಜಗಳ ತಪ್ಪಿಸಲೆಂದೇ ನಮ್ಮ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದ. ಆ ಕಡೆಯ ಗದ್ದೆಯವನು ಅಪರಿಚಿತನಲ್ಲ, ಎಷ್ಟೋ ಸಲ ದಾಯಾದಿಯೇ. ನಾಳೆಯೂ ಅದೇ ಬದುವಿನ ಮೇಲೆ ಎದುರಾಗುವವನು.

ಇಂಗ್ಲಿಷ್ ಪತ್ರಿಕೆಗಳ ಶೀರ್ಷಿಕೆಗಳು ಈ ಅಂತರವನ್ನು ಅಷ್ಟಾಗಿ ಪಾಲಿಸುವುದಿಲ್ಲ. ‘ರೈವಲ್’ಗೆ ಐದು ಅಕ್ಷರ, ‘ಕಾಂಪಿಟಿಟರ್’ಗೆ ಹತ್ತು, ಜಾಗ ಉಳಿಯುತ್ತದೆ. ಅವನ್ನು ನೋಡಿ ಕಲಿಯಬೇಡಿ ಎನ್ನುತ್ತೇನೆ.

ಕ್ರಿಯಾಪದವಾದಾಗ ಇನ್ನೊಂದು ತೊಡಕು. ಶ್ರೀನಿವಾಸಪುರದ ಮಾವು ರತ್ನಗಿರಿಯ ಮಾವಿನೊಂದಿಗೆ ‘ಕಾಂಪೀಟ್’ ಮಾಡುತ್ತದೆ ಎಂದರೆ ಎರಡೂ ಒಂದೇ ಸಂತೆಯಲ್ಲಿ ಗಿರಾಕಿಗೆ ಕಾಯುತ್ತಿವೆ ಎಂದಷ್ಟೇ, ರುಚಿಯ ಮಾತಿಲ್ಲ. ಅದನ್ನು ‘ರೈವಲ್’ ಮಾಡುತ್ತದೆ ಎಂದರೆ ರುಚಿಯಲ್ಲಿ ಅದಕ್ಕೆ ಸಾಟಿಯಾಗಿದೆ ಎಂದರ್ಥ. ‘ಅನ್‌ರೈವಲ್ಡ್’ಗೆ ‘ಶತ್ರುಗಳಿಲ್ಲದ’ ಎಂದು ಬರೆಯುವವರಿದ್ದಾರೆ. ‘ಸಾಟಿಯಿಲ್ಲದ’ ಎಂದು ಬರೆಯಿರಿ, ಅಂಕ ಕಳೆಯುವುದಿಲ್ಲ.