ಏಳೆಂಟ್ಲ ಎಷ್ಟು? ಹೈಸ್ಕೂಲಿಗೆ ಬಂದರೂ ಮಗ್ಗಿ ಬಾರದಿದ್ದರೆ

ಹತ್ತನೇ ತರಗತಿಯ ಹುಡುಗನಿಗೆ ‘ಏಳೆಂಟ್ಲ ಎಷ್ಟು?’ ಎಂದು ಕೇಳಿ, ಅವನ ತುಟಿ ಗಮನಿಸಿ. ಮಗ್ಗಿ ಬಾರದವರು ಸುಮ್ಮನೆ ಕೂರುವುದು ಕಡಿಮೆ. ‘ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು...’ ಎಂದು ಮೊದಲಿನಿಂದ ಗುನುಗಿಕೊಂಡು ಬರುತ್ತಾರೆ. ನಲವತ್ತೆರಡರ ಹತ್ತಿರ ಒಮ್ಮೆ ಎಡವಿ, ಐವತ್ತಾರು ಮುಟ್ಟುವಷ್ಟರಲ್ಲಿ ಎಂಟು–ಹತ್ತು ಸೆಕೆಂಡು ಕಳೆದಿರುತ್ತದೆ. ಇಂಥವರಿಗೆ ಮಗ್ಗಿ ಬರುವುದೇ ಇಲ್ಲ ಎನ್ನುವುದು ಸರಿಯಲ್ಲ. ಹಾಡಾಗಿ ಬರುತ್ತದೆ, ಬಿಡಿಯಾಗಿ ಬರುವುದಿಲ್ಲ. ಗಣಿತಕ್ಕೆ ಬೇಕಾದದ್ದು ಬಿಡಿಯಾಗಿ ಬರುವ ಮಗ್ಗಿ.

ಇದಕ್ಕೆ ಎಲ್ಲರೂ ಹೇಳುವ ಮದ್ದು ‘ಹತ್ತು ಸಲ ಬರೆದುಕೊಂಡು ಬಾ’. ಬರೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಮೊದಲು 7 ಅನ್ನು ಮೇಲಿನಿಂದ ಕೆಳಕ್ಕೆ ಹತ್ತು ಸಲ. ಆಮೇಲೆ ಗುಣಾಕಾರದ ಗುರುತು ಹತ್ತು ಸಲ. ಆಮೇಲೆ 1ರಿಂದ 10, ಅದರ ಪಕ್ಕ ಸಮಚಿಹ್ನೆಗಳ ಸಾಲು, ಕೊನೆಗೆ ಏಳೇಳು ಕೂಡಿಸುತ್ತ ಉತ್ತರಗಳು. ಪುಟ ತುಂಬಿತು, ಕೈ ನೋಯಿತು. ಆದರೆ ‘7×8’ ಮತ್ತು ‘56’ ಒಂದು ಸಲವೂ ತಲೆಯೊಳಗೆ ಒಟ್ಟಿಗೆ ಬರಲಿಲ್ಲ. ಅಲ್ಲಿ ಆದದ್ದು ಕೂಡುವ ಅಭ್ಯಾಸ, ಅದೂ ಸೊನ್ನೆಯಿಂದ.

ಐದನೇ ತರಗತಿಯವರೆಗೆ ಇದು ಹೇಗೋ ನಡೆಯುತ್ತದೆ. ಹೈಸ್ಕೂಲಿನಲ್ಲಿ ಕುತ್ತಿಗೆಗೆ ಬರುವುದು ಗುಣಾಕಾರಕ್ಕಿಂತ ಹೆಚ್ಚಾಗಿ ಅದರ ಹಿಮ್ಮುಖದಿಂದ. ವರ್ಗ ಸಮೀಕರಣದ ಲೆಕ್ಕವೊಂದನ್ನು ತೆಗೆದುಕೊಳ್ಳಿ: 6x² − 17x + 12 = 0. ಮಧ್ಯದ ಪದವನ್ನು ಒಡೆಯಬೇಕು. ಗುಣಿಸಿದರೆ 72, ಕೂಡಿದರೆ 17 ಆಗುವ ಎರಡು ಸಂಖ್ಯೆ ಬೇಕು. ಮಗ್ಗಿ ಬಿಡಿಯಾಗಿ ಗೊತ್ತಿದ್ದವರಿಗೆ 72 ಕಂಡ ಕೂಡಲೇ 8 ಮತ್ತು 9 ಎದುರಿಗೆ ಬರುತ್ತವೆ. ಹಾಡಿನಲ್ಲಷ್ಟೇ ಗೊತ್ತಿದ್ದವರು ಯಾವ ಮಗ್ಗಿಯಿಂದ ಶುರು ಮಾಡಬೇಕೆಂದೇ ತಿಳಿಯದೆ 2×36, 3×24 ಎಂದು ಅಂಚಿನಲ್ಲಿ ಬರೆಯುತ್ತ ಹೋಗುತ್ತಾರೆ. ಅಷ್ಟರಲ್ಲಿ ಯಾವ ಹಂತದಲ್ಲಿದ್ದೆವು ಎಂಬುದೇ ಮರೆತಿರುತ್ತದೆ. ತಲೆ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದೇ ನಾಲ್ಕೈದು ಸಂಗತಿ. ಅದರಲ್ಲಿ ಎರಡನ್ನು ಮಗ್ಗಿ ತಿಂದುಬಿಟ್ಟರೆ ಸೂತ್ರಕ್ಕೆ ಜಾಗವಿಲ್ಲ. ‘ಬೀಜಗಣಿತ ಅರ್ಥವೇ ಆಗಲ್ಲ’ ಎನ್ನುವ ಎಷ್ಟೋ ಮಕ್ಕಳ ತೊಂದರೆ ಬೀಜಗಣಿತದ್ದಲ್ಲ.

ಸಿಲಿಂಡರಿನ ಗಾತ್ರದಲ್ಲೂ ಇದೇ ಕತೆ. 22/7 × 3.5 × 3.5 × 10 ಎಂದು ಸರಿಯಾಗಿಯೇ ಬರೆದಿರುತ್ತಾರೆ. 35ರಲ್ಲಿ 7 ಐದು ಸಲ ಇದೆ ಎಂದು ಕಂಡರೆ 22 × 0.5 × 3.5 × 10, ಉತ್ತರ 385, ಎರಡು ಸಾಲಿನ ಕೆಲಸ. ಕಾಣದಿದ್ದರೆ 3.5 × 3.5 = 12.25, ಅದನ್ನು 22ರಿಂದ ಗುಣಿಸಿ 7ರಿಂದ ಭಾಗಿಸಿ ಅರ್ಧ ಪುಟ. ಎಸ್ಸೆಸ್ಸೆಲ್ಸಿ ಗಣಿತದ 80 ಅಂಕಕ್ಕೆ 3 ಗಂಟೆ 15 ನಿಮಿಷ ಸಿಗುವುದರಿಂದ ಅಲ್ಲಿ ಹೇಗೋ ನಿಭಾಯಿಸಬಹುದು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕ್ಯುಲೇಟರ್ ಇಲ್ಲ. ಅಲ್ಲಿ ಈ ಅರ್ಧ ಪುಟಕ್ಕೆ ಹೊತ್ತಿಲ್ಲ.

ಈಗ ಕೆಲಸದ ಮಾತು. ಹದಿನೈದು ವರ್ಷದವರನ್ನು ಎರಡರ ಮಗ್ಗಿಯಿಂದ ಮತ್ತೆ ಕೂರಿಸುವ ಅಗತ್ಯವಿಲ್ಲ. ಅದು ಅವಮಾನವೂ ಹೌದು, ದಂಡವೂ ಹೌದು. 2ರಿಂದ 9ರವರೆಗಿನ ಮಗ್ಗಿಗಳಲ್ಲಿ 7×8 ಮತ್ತು 8×7 ಅನ್ನು ಒಂದೇ ಎಂದು ಎಣಿಸಿದರೆ ಇರುವುದು 36 ಸಂಗತಿ ಮಾತ್ರ. 36 ಚೀಟಿ ಮಾಡಿ, ಒಂದು ಬದಿ ಪ್ರಶ್ನೆ, ಹಿಂದೆ ಉತ್ತರ. ಚೆನ್ನಾಗಿ ಕಲಸಿ ಒಂದೊಂದಾಗಿ ತೋರಿಸಿ. ಮೂರು ಸೆಕೆಂಡಿನೊಳಗೆ ಉತ್ತರ ಬಂದರೆ ಒಂದು ಗುಡ್ಡೆ, ಸರಿಯಾಗಿದ್ದೂ ತಡವಾಗಿದ್ದರೆ ಇನ್ನೊಂದು, ತಪ್ಪಿದ್ದರೆ ಮೂರನೆಯದು. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ‘ನನಗೆ ಮಗ್ಗಿನೇ ಬರಲ್ಲ’ ಎನ್ನುತ್ತಿದ್ದವರ ಮೊದಲ ಗುಡ್ಡೆ ಅವರು ಅಂದುಕೊಂಡಿದ್ದಕ್ಕಿಂತ ದಪ್ಪವಾಗಿರುತ್ತದೆ. ಎರಡು ಮತ್ತು ಐದರ ಮಗ್ಗಿಗಳು ಎಲ್ಲರಿಗೂ ಬಂದಿರುತ್ತವೆ, ಅಲ್ಲಿಗೆ 15 ಚೀಟಿ ಹೋಯಿತು. ಒಂಬತ್ತರದ್ದನ್ನು ಹತ್ತರಿಂದ ಕಳೆದು ಪಡೆಯಬಹುದು: 9×7 ಎಂದರೆ 70ರಲ್ಲಿ 7 ಕಳೆದರೆ 63. ಹೀಗೆ ಇನ್ನೂ 6 ಹೋದರೆ ನಿಜಕ್ಕೂ ದುಡಿಯಬೇಕಾದದ್ದು 15 ಚೀಟಿಯ ಮೇಲೆ.

ಆ 15ರಲ್ಲಿ ಪ್ರತಿಯೊಂದಕ್ಕೂ ಗೊತ್ತಿರುವ ಒಂದು ಗೂಟ ಬೇಕು. ಮರೆತರೆ ಅದನ್ನು ಹಿಡಿದು ಮೇಲೆ ಬರಬೇಕು. ನಾಲ್ಕರ ಮಗ್ಗಿ ಎಂದರೆ ಎರಡರದ್ದರ ಇಮ್ಮಡಿ: 2×7 ಹದಿನಾಲ್ಕು, 4×7 ಇಪ್ಪತ್ತೆಂಟು, ಮತ್ತೊಮ್ಮೆ ಇಮ್ಮಡಿ ಮಾಡಿದರೆ 8×7 ಐವತ್ತಾರು. ಆರರದ್ದು ಐದರದ್ದಕ್ಕೆ ಒಂದು ಸಲ ಸೇರಿಸಿದ್ದು: 6×8 ಎಂದರೆ 40ಕ್ಕೆ 8, ನಲವತ್ತೆಂಟು. ಏಳರದ್ದು ಐದು ಮತ್ತು ಎರಡರ ಮೊತ್ತ: 7×8 ಎಂದರೆ 40ಕ್ಕೆ 16. ಒಂದೇ ಉತ್ತರಕ್ಕೆ ಎರಡು ದಾರಿ ಸಿಕ್ಕಿದಷ್ಟೂ ಒಳ್ಳೆಯದು. ಹಾಡಿನಲ್ಲಿ ದಾರಿ ತಪ್ಪಿದರೆ ತಪ್ಪಿದ್ದು ಗೊತ್ತೇ ಆಗುವುದಿಲ್ಲ, ಇಲ್ಲಿ ಗೊತ್ತಾಗುತ್ತದೆ.

ದಿನಕ್ಕೆ ಎರಡು ಹೊತ್ತು, ಐದೈದು ನಿಮಿಷ. ಮೂರು ಹೊಸ ಚೀಟಿ, ಅದರ ಜೊತೆ ಚೆನ್ನಾಗಿ ಗೊತ್ತಿರುವ ಐದು, ಕಲಸಿ. ಹೊಸ ಚೀಟಿ ಮೂರು ಸೆಕೆಂಡಿನಲ್ಲಿ ಬರದಿದ್ದರೆ ಹಿಂದೆ ತಿರುಗಿಸಬೇಡಿ. ಗೂಟದಿಂದ ಲೆಕ್ಕ ಹಾಕಿ, ‘ಏಳೆಂಟ್ಲ ಐವತ್ತಾರು’ ಎಂದು ಪೂರ್ತಿ ಬಾಯಿಬಿಟ್ಟು ಹೇಳಿ, ಆ ಚೀಟಿಯನ್ನು ಕಟ್ಟಿನ ಕೆಳಕ್ಕೆ ಹಾಕದೆ ಎರಡು ಚೀಟಿಯ ಹಿಂದೆ ಸಿಕ್ಕಿಸಿ. ಸ್ವಲ್ಪ ಮರೆಯುವಷ್ಟರಲ್ಲಿ ಮತ್ತೆ ಎದುರಾಗಬೇಕು, ಗುಟ್ಟು ಅಷ್ಟೇ. ಮೂರನೇ ದಿನದಿಂದ ಚೀಟಿಯನ್ನು ತಿರುವಿ, 56 ತೋರಿಸಿ ‘ಯಾವ ಎರಡು?’ ಎಂದು ಕೇಳಿ. ಈ ಹಿಮ್ಮುಖದ ಅಭ್ಯಾಸವನ್ನು ಬಿಟ್ಟವರು ಅಪವರ್ತನದಲ್ಲಿ ಮತ್ತೆ ಸಿಕ್ಕಿಬೀಳುತ್ತಾರೆ. ನಾಲ್ಕು ದಿನಕ್ಕೆ ಮೂರರಂತೆ 15 ಚೀಟಿಗೆ 20 ದಿನ. ಆಮೇಲೆ ಹತ್ತು ದಿನ ಬರೀ ಪುನರಾವರ್ತನೆ, ದಿನ ಬಿಟ್ಟು ದಿನ.

ಕೆಡುವುದು ಎಲ್ಲಿ? ಮುಖ್ಯವಾಗಿ ಚೀಟಿಗಳ ಆಯ್ಕೆಯಲ್ಲಿ. ಮಗ್ಗಿಯ ತಪ್ಪು ಉತ್ತರಗಳು ಸಾಮಾನ್ಯವಾಗಿ ಎಲ್ಲಿಂದಲೋ ಬರುವುದಿಲ್ಲ, ಪಕ್ಕದ ಮನೆಯಿಂದ ಬರುತ್ತವೆ. 7×8ಕ್ಕೆ 54 ಎನ್ನುವವರು 6×9ರ ಉತ್ತರ ಹೇಳುತ್ತಿರುತ್ತಾರೆ. 6×7 ಮತ್ತು 4×6 ಒಂದೇ ದಿನ ಕಲಿತರೆ 42 ಮತ್ತು 24 ಅದಲುಬದಲಾಗುತ್ತವೆ. ಆದ್ದರಿಂದ ಒಂದೇ ಕಂತಿನ ಮೂರು ಚೀಟಿಗಳು ಒಂದಕ್ಕೊಂದು ದೂರದವಾಗಿರಲಿ. 3×4, 6×7, 8×8 ಒಟ್ಟಿಗೆ ಹೋಗುತ್ತವೆ. ಇನ್ನೊಂದು ಎಡವಟ್ಟು ಸ್ಟಾಪ್‌ವಾಚು. ಉತ್ತರ ಇನ್ನೂ ಗಟ್ಟಿಯಾಗದಿರುವಾಗ ಗಡಿಯಾರ ಹಿಡಿದರೆ ಮಕ್ಕಳು ಊಹಿಸಲು ಶುರುಮಾಡುತ್ತಾರೆ, ಊಹಿಸಿದ ತಪ್ಪೂ ಗಟ್ಟಿಯಾಗುತ್ತದೆ. ಚೀಟಿ ತೋರಿಸುವವರು ಮೂರು ಸೆಕೆಂಡನ್ನು ಮನಸ್ಸಿನಲ್ಲೇ ಎಣಿಸಲಿ.

ಭಾಷೆಯದ್ದೂ ಒಂದು ತೊಡಕಿದೆ. ಮಗ್ಗಿ ತಲೆಯಲ್ಲಿ ಕೂರುವುದು ಮಾತಾಗಿ, ಕಲಿತ ಭಾಷೆಯ ಮಾತಾಗಿ. ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿ ಶಾಲೆಯಲ್ಲಿ ‘ಸೆವೆನ್ ಎಯ್ಟ್ಸ್ ಆರ್’ ಎಂದು ಕಲಿತಿರುತ್ತಾಳೆ, ಮನೆಯಲ್ಲಿ ಅಜ್ಜ ‘ಏಳೆಂಟ್ಲ?’ ಎನ್ನುತ್ತಾರೆ. ಅವಳು ಮೊದಲು ಅನುವಾದ ಮಾಡಿ ಆಮೇಲೆ ಉತ್ತರ ಹುಡುಕಬೇಕು. ಯಾವುದಾದರೂ ಒಂದನ್ನು ಆರಿಸಿ, ಪೂರ್ತಿ ಅದರಲ್ಲೇ ಮಾಡಿ. ಇಂಗ್ಲಿಷಿನಂತೆ ಕನ್ನಡಕ್ಕೂ ಒಂದು ಅನುಕೂಲವಿದೆ: ಐವತ್ತಾರು ಎಂದರೆ ಐವತ್ತು ಮತ್ತು ಆರು ಎಂದು ಹೆಸರೇ ಹೇಳುತ್ತದೆ.

ಇಪ್ಪತ್ತರವರೆಗೆ ಬಾಯಿಪಾಠ ಬೇಕೇ ಎಂದು ತಂದೆತಾಯಿ ಕೇಳುತ್ತಾರೆ. ಬೇಡ. ಹಿಂದೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳೂ ಇದ್ದವು. ಅಂಗಡಿ ಲೆಕ್ಕಕ್ಕೆ ಬೇಕಿತ್ತು, ಕಲಿತರು. ಇಂದಿನ ವಿದ್ಯಾರ್ಥಿಗೆ 17×6 ಎಂದರೆ 60ಕ್ಕೆ 42 ಸೇರಿಸಿ 102 ಎನ್ನಲು ಬಂದರೆ ಆಯಿತು. ಅದರ ಬದಲು 25ರವರೆಗಿನ ವರ್ಗಗಳು, 12 ಮತ್ತು 15ರ ಮಗ್ಗಿ ಗೊತ್ತಿದ್ದರೆ ಪಿಯುಸಿಯಲ್ಲಿ ಹೆಚ್ಚು ಉಪಯೋಗ.

ಒಂದು ತಿಂಗಳು ಹೀಗೆ ನಿಯಮವಾಗಿ ಮಾಡಿಯೂ ಏನೂ ಉಳಿಯದಿದ್ದರೆ, ಅದರ ಜೊತೆ 8+5ಕ್ಕೂ ಬೆರಳು ಬೇಕಾದರೆ, ಗಡಿಯಾರ ಓದುವುದು, ಚಿಲ್ಲರೆ ಎಣಿಸುವುದು ಕಷ್ಟವಾದರೆ, ಸೋಮಾರಿ ಎಂದು ಬೈಯುವುದು ಬಿಟ್ಟು ತಪಾಸಣೆ ಮಾಡಿಸಿ. ಡಿಸ್‌ಕ್ಯಾಲ್ಕ್ಯುಲಿಯಾ ಎಂಬ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೇ ಇದೆ.

ಪರೀಕ್ಷೆಗೆ ವಾರವಷ್ಟೇ ಇದೆ, ಚೀಟಿಗೆ ಸಮಯವಿಲ್ಲ ಎನ್ನುವವರಿಗೆ ಕೈಬೆರಳುಗಳಿವೆ. 6ರಿಂದ 9ರವರೆಗಿನ ಗುಣಾಕಾರಕ್ಕೆ ಮಾತ್ರ. 7×8ಕ್ಕೆ: ಏಳು ಎಂದರೆ ಐದಕ್ಕಿಂತ ಎರಡು ಹೆಚ್ಚು, ಎಡಗೈಯಲ್ಲಿ ಎರಡು ಬೆರಳು ಎತ್ತಿ, ಮೂರು ಮಡಚಿ. ಎಂಟು ಎಂದರೆ ಮೂರು ಹೆಚ್ಚು, ಬಲಗೈಯಲ್ಲಿ ಮೂರು ಎತ್ತಿ, ಎರಡು ಮಡಚಿ. ಎತ್ತಿದ ಬೆರಳು ಐದು, ಅದು ಐವತ್ತು. ಮಡಚಿದ್ದನ್ನು ಗುಣಿಸಿ, ಮೂರೆರಡ್ಲ ಆರು. ಐವತ್ತಾರು. 6×7ರಲ್ಲಿ ಹುಷಾರು: ಎತ್ತಿದ್ದು ಮೂರು, ಮಡಚಿದ್ದು ನಾಲ್ಕು ಮತ್ತು ಮೂರು, ಗುಣಿಸಿದರೆ 12. ಇದನ್ನು 312 ಎಂದು ಅಕ್ಕಪಕ್ಕ ಬರೆದುಬಿಡುವವರಿದ್ದಾರೆ. ಕೂಡಬೇಕು, 30ಕ್ಕೆ 12.